ಆನ್‌ಲೈನ್ ಮಾರಾಟದಲ್ಲಿ ಕೊಳ್ಳುವವರ ಸೋಗಿನ ವಂಚನೆ: ಅರಸೀಕೆರೆ, ಬೇಲೂರು, ಹಳೇಬೀಡು

ಮೊಬೈಲ್ ಆ್ಯಪ್, ಜಾಲತಾಣ ಅಥವಾ ವಾಟ್ಸ್‌ಆ್ಯಪ್ ಗುಂಪಿನ ಮೂಲಕ ವಸ್ತು ಮಾರಲು ಹೊರಟವರ ಬಳಿಗೆ ಕೊಳ್ಳುವವರ ಸೋಗಿನಲ್ಲಿ ಬಂದು ಹಣವನ್ನೋ ಮಾಲನ್ನೋ ಲಪಟಾಯಿಸುವುದು ಭಾರತದ ಸೈಬರ್ ಅಪರಾಧಗಳಲ್ಲಿ ಒಂದು ಮುಖ್ಯ ಬಗೆ. ಸಾಮಾನ್ಯವಾಗಿ ಹಣ ಕೊಡುವವನು ಎಚ್ಚರವಾಗಿರಬೇಕು ಎಂಬ ತಿಳಿವಳಿಕೆ ಜನರಲ್ಲಿದೆ. ಹಣ ಪಡೆಯುವವನೂ ಮೋಸಹೋಗಬಹುದು ಎಂಬುದು ಅಷ್ಟಾಗಿ ಹೊಳೆಯುವುದಿಲ್ಲ. ಈ ವಂಚನೆ ನಿಂತಿರುವುದು ಅಲ್ಲೇ. ಹಾಸನ ಜಿಲ್ಲೆಯ ಅರಸೀಕೆರೆ ತಾಲ್ಲೂಕು ಮತ್ತು ಹಳೇಬೀಡನ್ನು ಒಳಗೊಂಡ ಬೇಲೂರು ತಾಲ್ಲೂಕುಗಳಲ್ಲಿ ತೆಂಗು, ಕೊಬ್ಬರಿ, ಕಾಫಿ, ಮೆಣಸು, ಕಲ್ಲಿನ ಕೆತ್ತನೆ, ಹಳೆಯ ಬೈಕು, ಟ್ರ್ಯಾಕ್ಟರುಗಳೆಲ್ಲ ಇಂದು ಮೊಬೈಲಿನಲ್ಲೇ ಕೈಬದಲಾಗುತ್ತಿವೆ. ಇಲ್ಲಿನ ಮಾರಾಟಗಾರರು ತಿಳಿದಿರಬೇಕಾದ ವಂಚನೆಯ ಬಗೆಗಳು, ಅವುಗಳಿಂದ ಪಾರಾಗುವ ಕ್ರಮ, ಹಣ ಹೋದಾಗ ಸಿಗುವ ಪರಿಹಾರ ಮತ್ತು ಅನ್ವಯಿಸುವ ಕಾನೂನುಗಳ ಸಮೀಕ್ಷೆ ಈ ಲೇಖನ.

ಪ್ರದೇಶ ಮತ್ತು ವ್ಯಾಪಾರ

ಅರಸೀಕೆರೆ ಬೆಂಗಳೂರು–ಹುಬ್ಬಳ್ಳಿ ರೈಲುಮಾರ್ಗದಲ್ಲಿರುವ ಜಂಕ್ಷನ್. ಹಾಸನದ ಕಡೆಗೆ ಹೋಗುವ ಮಾರ್ಗ ಇಲ್ಲಿಂದ ಕವಲೊಡೆಯುತ್ತದೆ. ಬಯಲುಸೀಮೆಯ ಈ ತಾಲ್ಲೂಕಿನ ಜೀವನಾಧಾರ ತೆಂಗು. ಉಂಡೆ ಕೊಬ್ಬರಿ ಅರಸೀಕೆರೆಯ ಕೃಷಿ ಉತ್ಪನ್ನ ಮಾರುಕಟ್ಟೆಗೂ ನೆರೆಯ ತುಮಕೂರು ಜಿಲ್ಲೆಯ ತಿಪಟೂರಿನ ಮಾರುಕಟ್ಟೆಗೂ ಹೋಗುತ್ತದೆ. ಬಾಣಾವರ, ಜಾವಗಲ್ ದಾಟಿ ಹಳೇಬೀಡು, ಬೇಲೂರಿನ ಕಡೆ ಬಂದರೆ ಬಯಲು ಮುಗಿದು ಮಲೆನಾಡಿನ ಅಂಚು ಸಿಗುತ್ತದೆ. ಬೇಲೂರು ತಾಲ್ಲೂಕಿನ ಪಶ್ಚಿಮ ಭಾಗದಲ್ಲಿ ಕಾಫಿ ಮತ್ತು ಮೆಣಸು, ಉಳಿದೆಡೆ ಆಲೂಗಡ್ಡೆ, ಶುಂಠಿ, ಮುಸುಕಿನ ಜೋಳ ಬೆಳೆಯುತ್ತಾರೆ. ಬೇಲೂರಿನ ಚೆನ್ನಕೇಶವ ಮತ್ತು ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯಗಳು ಸೋಮನಾಥಪುರದ ದೇವಾಲಯದೊಂದಿಗೆ 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ದೇವಾಲಯಗಳ ಸುತ್ತ ಬಳಪದ ಕಲ್ಲಿನ ಸಣ್ಣ ವಿಗ್ರಹಗಳನ್ನೂ ನೆನಪಿನ ಕಾಣಿಕೆಗಳನ್ನೂ ಮಾರಿ ಬದುಕುವ ಕುಟುಂಬಗಳಿವೆ.

ಕೊಬ್ಬರಿಯಂಥ ಸರಕಿಗೆ ಇಲ್ಲಿ ಸಂಘಟಿತ ಮಾರುಕಟ್ಟೆ ಬಹುಕಾಲದಿಂದ ಇದೆ. ಪರವಾನಗಿ ಪಡೆದ ದಲ್ಲಾಳಿ, ಸಾರ್ವಜನಿಕ ಟೆಂಡರು, ತೂಕದ ಚೀಟಿ, ಲೆಕ್ಕದ ತಿಳುವಳಿಕೆ ಪತ್ರ, ಇವೆಲ್ಲ ಮಾರುವವನ ಹಣಕ್ಕೆ ಕಾವಲು ನಿಂತಿವೆ. ತಕರಾರು ಬಂದರೆ ಮಾರುಕಟ್ಟೆ ಸಮಿತಿಯ ಕಚೇರಿಯಲ್ಲಿ ಕೇಳಬಹುದು. ಮೊಬೈಲಿನ ಜಾಹೀರಾತಿನಲ್ಲಿ ಈ ಕಾವಲು ಯಾವುದೂ ಇರುವುದಿಲ್ಲ. ಎದುರಿಗಿರುವವನು ಯಾರು, ತೂಕಕ್ಕೆ ಯಾರು ಸಾಕ್ಷಿ, ಹಣ ಯಾವಾಗ ಎಂಬುದನ್ನೆಲ್ಲ ಮಾರುವವನೇ ನೋಡಿಕೊಳ್ಳಬೇಕು. ಆನ್‌ಲೈನ್ ಮಾರಾಟದ ಮುನ್ನೆಚ್ಚರಿಕೆ ಎಂದರೆ ಮಾರುಕಟ್ಟೆಯ ಪ್ರಾಂಗಣದಲ್ಲಿ ತಾನಾಗಿಯೇ ಸಿಗುತ್ತಿದ್ದ ಈ ರಕ್ಷಣೆಗಳನ್ನು ಮನೆಯಲ್ಲಿ ಕೂತು ತಾನೇ ಕಟ್ಟಿಕೊಳ್ಳುವ ಕೆಲಸ.

ಆನ್‌ಲೈನ್ ಪೇಟೆ ಬಂದ ಬಗೆ

ಓಎಲ್‌ಎಕ್ಸ್ 2006ರಲ್ಲಿ, ಕ್ವಿಕರ್ 2008ರಲ್ಲಿ ಆರಂಭವಾದವು. ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್ 2017ರಲ್ಲಿ ಭಾರತಕ್ಕೆ ಬಂತು. ಇವು ಮೂಲತಃ ವರ್ಗೀಕೃತ ಜಾಹೀರಾತಿನ ಹಲಗೆಗಳು. ಮಾರುವವನನ್ನೂ ಕೊಳ್ಳುವವನನ್ನೂ ಮುಖಾಮುಖಿ ಮಾಡಿಸುವುದರಲ್ಲಿ ಇವುಗಳ ಕೆಲಸ ಬಹುಮಟ್ಟಿಗೆ ಮುಗಿಯುತ್ತದೆ. ಅಮೆಜಾನ್, ಫ್ಲಿಪ್‌ಕಾರ್ಟ್‌ಗಳಲ್ಲಿ ಹಣ ಮೊದಲು ಕಂಪನಿಯ ಕೈಗೆ ಬಂದು ಆಮೇಲೆ ಮಾರಾಟಗಾರನಿಗೆ ಸೇರುತ್ತದೆ. ಜಾಹೀರಾತಿನ ಹಲಗೆಯಲ್ಲಿ ಹಾಗೆ ನಡುವೆ ನಿಂತು ಹಣ ಹಿಡಿದಿಡುವವರು ಸಾಮಾನ್ಯವಾಗಿ ಇರುವುದಿಲ್ಲ. ಊರೂರಿನ ಖರೀದಿ–ಮಾರಾಟದ ವಾಟ್ಸ್‌ಆ್ಯಪ್ ಗುಂಪುಗಳಲ್ಲಂತೂ ಫೋನ್ ನಂಬರಿನ ಹೊರತು ಬೇರೆ ಗುರುತೇ ಇಲ್ಲ.

ಇದೇ ಹೊತ್ತಿಗೆ ಹಣದ ದಾರಿಯೂ ಬದಲಾಯಿತು. ಭಾರತೀಯ ರಾಷ್ಟ್ರೀಯ ಪಾವತಿ ನಿಗಮ, ಅಂದರೆ ಎನ್‌ಪಿಸಿಐ, 2016ರಲ್ಲಿ ಯುಪಿಐ ವ್ಯವಸ್ಥೆಯನ್ನು ಜಾರಿಗೆ ತಂದಿತು. ಅದೇ ವರ್ಷದ ನೋಟು ರದ್ದತಿಯ ಬಳಿಕ ಫೋನ್‌ಪೇ, ಗೂಗಲ್ ಪೇ, ಭೀಮ್ ಆ್ಯಪ್‌ಗಳು ಹಳ್ಳಿಯ ಕಿರಾಣಿ ಅಂಗಡಿಯವರೆಗೂ ತಲುಪಿದವು. ಕಣ್ಣು ಮಿಟುಕಿಸುವಷ್ಟರಲ್ಲಿ ಹಣ ಸೇರಿಸುವ ಈ ಅನುಕೂಲದಿಂದ ಕೋಟ್ಯಂತರ ಜನರಿಗೆ ನಿಜವಾದ ಉಪಕಾರವಾಗಿದೆ. ಆದರೆ ಅದೇ ವೇಗದಲ್ಲಿ ಹಣ ಕೈತಪ್ಪಿಯೂ ಹೋಗುತ್ತದೆ. ಹೊಸ ವ್ಯವಸ್ಥೆ ಎಲ್ಲರ ಕೈಗೆ ಬಂದಷ್ಟು ಬೇಗ ಅದರ ನಿಯಮಗಳ ತಿಳಿವಳಿಕೆ ಎಲ್ಲರ ತಲೆಗೆ ಬರಲಿಲ್ಲ. ವಂಚಕರು ದುಡಿಸಿಕೊಂಡದ್ದು ಈ ಅಂತರವನ್ನು.

ಸೈನಿಕನ ಸೋಗು ಮತ್ತು ಕ್ಯುಆರ್ ಕೋಡ್

ದೇಶದಾದ್ಯಂತ ಬಹಳ ಮಂದಿ ಬಿದ್ದ ಬಲೆ ಇದು. ಸೋಫಾ, ಫ್ರಿಜ್, ಬೈಕ್ ಏನನ್ನೇ ಮಾರಾಟಕ್ಕೆ ಹಾಕಿದರೂ ಕೆಲವೇ ನಿಮಿಷಗಳಲ್ಲಿ ಕರೆ ಬರುತ್ತದೆ. ಮಾತು ಹೆಚ್ಚಾಗಿ ಹಿಂದಿಯಲ್ಲಿ. ತಾನು ಸೇನೆಯಲ್ಲಿ ಅಥವಾ ಸಿಐಎಸ್‌ಎಫ್‌ನಲ್ಲಿ ಇದ್ದೇನೆ, ವರ್ಗಾವಣೆಯಾಗಿದೆ, ನೇರ ಬಂದು ನೋಡಲು ಪುರುಸೊತ್ತಿಲ್ಲ ಎನ್ನುತ್ತಾನೆ. ಸಮವಸ್ತ್ರದ ಫೋಟೊ, ಗುರುತಿನ ಚೀಟಿ, ಕ್ಯಾಂಟೀನ್ ಕಾರ್ಡು ವಾಟ್ಸ್‌ಆ್ಯಪ್‌ಗೆ ಬರುತ್ತವೆ. ಹೇಳಿದ ಬೆಲೆಗೆ ಚೌಕಾಸಿ ಮಾಡದೆ ಒಪ್ಪುತ್ತಾನೆ. ಹಣ ಕಳಿಸಲು ಒಂದು ಕ್ಯುಆರ್ ಕೋಡ್ ಕಳಿಸಿ, ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ನಿಮ್ಮ ಖಾತೆಗೆ ಹಣ ಬರುತ್ತದೆ ಎನ್ನುತ್ತಾನೆ. ಪಿನ್ ಒತ್ತಿದೊಡನೆ ಹಣ ಮಾರುವವನ ಖಾತೆಯಿಂದ ಹೋಗುತ್ತದೆ. ಗಾಬರಿಯಿಂದ ಕೇಳಿದರೆ, ತಪ್ಪಾಗಿದೆ, ವಾಪಸ್ ಕಳಿಸುತ್ತೇನೆ ಎಂದು ಇನ್ನೊಂದು ಕೋಡ್ ಕಳಿಸುತ್ತಾನೆ. ಹೋದದ್ದನ್ನು ಮರಳಿ ಪಡೆಯುವ ಆತುರದಲ್ಲಿ ಎರಡನೇ ಸಲವೂ ಹಣ ಹೋಗುತ್ತದೆ.

ನಂಬಿಕೆ ಹುಟ್ಟಿಸಲು ಮೊದಲು ಒಂದೋ ಎರಡೋ ರೂಪಾಯಿಯನ್ನು ನಿಜವಾಗಿಯೇ ಕಳಿಸುವುದೂ ಈ ತಂತ್ರದ ಭಾಗ. 2021ರ ಫೆಬ್ರವರಿಯಲ್ಲಿ ದೆಹಲಿಯ ಅಂದಿನ ಮುಖ್ಯಮಂತ್ರಿ ಅರವಿಂದ ಕೇಜ್ರಿವಾಲ್ ಅವರ ಮಗಳು ಹಳೆಯ ಸೋಫಾ ಮಾರಲು ಜಾಹೀರಾತು ಹಾಕಿ ಇದೇ ಬಗೆಯಲ್ಲಿ ಎರಡು ಕಂತಿನಲ್ಲಿ 34,000 ರೂಪಾಯಿ ಕಳೆದುಕೊಂಡರು. ಉನ್ನತ ವಿದ್ಯಾಭ್ಯಾಸ ಪಡೆದವರನ್ನೂ ಬಿಡದ ಬಲೆ ಇದು. ಮೋಸಹೋದವರನ್ನು ದಡ್ಡರೆಂದು ಹಳಿಯುವುದು ಅನ್ಯಾಯ. ಹಳಿಯುವುದರಿಂದ ಆಗುವ ದೊಡ್ಡ ಹಾನಿ ಏನೆಂದರೆ, ಜನ ನಾಚಿಕೊಂಡು ದೂರು ಕೊಡುವುದನ್ನೇ ಬಿಡುತ್ತಾರೆ.

ಯುಪಿಐಯ ನಿಯಮ ಸರಳವಾಗಿದೆ. ಹಣ ಪಡೆಯಲು ಪಿನ್ ಬೇಡ, ಸ್ಕ್ಯಾನ್ ಬೇಡ, ಒಟಿಪಿ ಬೇಡ, ಯಾವ ಗುಂಡಿಯನ್ನೂ ಒತ್ತಬೇಕಿಲ್ಲ. ಮಲಗಿದ್ದಾಗಲೂ ಹಣ ಖಾತೆಗೆ ಬಂದು ಬೀಳುತ್ತದೆ. ಹಣ ತರಿಸಿಕೊಳ್ಳಲು ಪಿನ್ ಹಾಕಿ ಎಂದು ಯಾರೇ ಹೇಳಿದರೂ ಅದು ಹಣ ಹೋಗುವ ದಾರಿ.

ಈ ಬಲೆಯ ಒಂದು ಎಳೆಯನ್ನು ಎನ್‌ಪಿಸಿಐ ಕತ್ತರಿಸಿದೆ. ಒಬ್ಬ ವ್ಯಕ್ತಿ ಇನ್ನೊಬ್ಬ ವ್ಯಕ್ತಿಗೆ ‘ಇಷ್ಟು ಹಣ ಕೊಡಿ’ ಎಂದು ಆ್ಯಪ್ ಮೂಲಕವೇ ಕೋರಿಕೆ ಕಳಿಸುವ ಕಲೆಕ್ಟ್ ರಿಕ್ವೆಸ್ಟ್ ಸೌಲಭ್ಯಕ್ಕೆ ಮೊದಲು 2,000 ರೂಪಾಯಿಯ ಮಿತಿ ಬಂತು. 2025ರ ಅಕ್ಟೋಬರ್ 1ರಿಂದ ವ್ಯಕ್ತಿಗಳ ನಡುವಿನ ಈ ಸೌಲಭ್ಯವನ್ನೇ ನಿಲ್ಲಿಸಲಾಯಿತು. ವ್ಯಾಪಾರಿ ಸಂಸ್ಥೆಗಳು ಕಳಿಸುವ ಕೋರಿಕೆ ಮಾತ್ರ ಮುಂದುವರಿದಿದೆ. ಕ್ಯುಆರ್ ಕೋಡ್ ಮತ್ತು ಸುಳ್ಳು ಕೊಂಡಿಗಳ ದಾರಿ ಇನ್ನೂ ತೆರೆದಿರುವುದರಿಂದ ಎಚ್ಚರ ಸಡಿಲಿಸುವಂತಿಲ್ಲ.

ಸುಳ್ಳು ಪಾವತಿಯ ಬಗೆಗಳು

ಎರಡನೆಯ ಗುಂಪಿನ ವಂಚನೆಗಳಲ್ಲಿ ಬಹುಮಟ್ಟಿಗೆ ಖಾತೆಯಿಂದ ಹಣ ಹೋಗುವುದಿಲ್ಲ, ಮಾಲು ಹೋಗುತ್ತದೆ. ಹಣ ಕಳಿಸಿದಂತೆ ತೋರಿಸುವ ಸ್ಕ್ರೀನ್‌ಶಾಟ್ ತಯಾರಿಸುವುದು ಈಗ ಮಕ್ಕಳಾಟ. ಪಾವತಿ ಆ್ಯಪ್‌ಗಳನ್ನೇ ಹೋಲುವ ನಕಲಿ ಆ್ಯಪ್‌ಗಳೂ ಇವೆ. ಅವುಗಳಲ್ಲಿ ಹೆಸರು, ಮೊತ್ತ ತುಂಬಿದರೆ ಹಸಿರು ಗುರುತಿನ ‘ಯಶಸ್ವಿ’ ಪರದೆ ಶಬ್ದದ ಸಮೇತ ಬರುತ್ತದೆ. ಅಂಗಡಿಯ ಮುಂದೆ ನಿಂತು ಮೊಬೈಲ್ ತೋರಿಸಿ ಸಾಮಾನು ಎತ್ತಿಕೊಂಡು ಹೋಗುವವರು ಬಳಸುವುದು ಇಂಥದ್ದನ್ನೇ. ಬ್ಯಾಂಕಿನ ಸಂದೇಶದಂತೆ ಬರೆದ ಎಸ್‌ಎಂಎಸ್ ಸಾಮಾನ್ಯ ಹತ್ತಂಕಿಯ ನಂಬರಿನಿಂದ ಬರುವುದೂ ಉಂಟು.

ಇದರ ಮುಂದುವರಿದ ರೂಪ ‘ಹೆಚ್ಚು ಹಣ’ದ ಬಲೆ. 5,000ದ ಬದಲು 50,000 ಹೋಗಿಬಿಟ್ಟಿದೆ, ಆಸ್ಪತ್ರೆಯಲ್ಲಿದ್ದೇವೆ, ಉಳಿದದ್ದನ್ನು ದಯವಿಟ್ಟು ಬೇಗ ವಾಪಸ್ ಕಳಿಸಿ ಎಂಬ ಅಳುಮೋರೆಯ ಕರೆ ಬರುತ್ತದೆ. ಮೊಬೈಲಿನಲ್ಲಿ 50,000 ಜಮೆಯಾದ ಸಂದೇಶವೂ ಇರುತ್ತದೆ. ಖಾತೆ ತೆರೆದು ನೋಡದೆ ಕರುಣೆಯಿಂದ 45,000 ಹಿಂದಿರುಗಿಸಿದವರು ಕೊಟ್ಟದ್ದು ತಮ್ಮದೇ ಹಣ. ಇಲ್ಲಿ ಬಳಕೆಯಾಗುವುದು ದುರಾಸೆಯಲ್ಲ, ಪ್ರಾಮಾಣಿಕತೆ. ಇನ್ನೊಬ್ಬರ ದುಡ್ಡು ನಮಗೆ ಬೇಡ ಎನ್ನುವ ಮನಸ್ಸನ್ನೇ ವಂಚಕ ಹಿಡಿಕೆ ಮಾಡಿಕೊಳ್ಳುತ್ತಾನೆ.

ಬ್ಯಾಂಕಿಗೆ ರಜೆ, ಸರ್ವರ್ ಡೌನ್, ಸೋಮವಾರ ಹಣ ಬರುತ್ತದೆ ಎಂಬ ನೆಪವೂ ಸಾಮಾನ್ಯ. ನೆಫ್ಟ್ ಸೇವೆ 2019ರ ಡಿಸೆಂಬರ್‌ನಿಂದ, ಆರ್‌ಟಿಜಿಎಸ್ ಸೇವೆ 2020ರ ಡಿಸೆಂಬರ್‌ನಿಂದ ವರ್ಷದ ಎಲ್ಲ ದಿನ, ದಿನದ 24 ಗಂಟೆಯೂ ನಡೆಯುತ್ತಿವೆ. ನೆಫ್ಟ್ ಅರ್ಧ ಗಂಟೆಗೊಮ್ಮೆ ತೀರುವಳಿಯಾಗುತ್ತದೆ. ಭಾನುವಾರದ ನೆಪ ಹೇಳಿದವನಿಗೆ ಹಣ ಬಂದ ಮೇಲೆಯೇ ಮಾಲು ಎಂದು ಹೇಳಿದರೆ ಸಾಕು. ಕಳಿಸಿದ್ದರ ಯುಟಿಆರ್ ಎಂಬ ವಹಿವಾಟಿನ ಉಲ್ಲೇಖ ಸಂಖ್ಯೆ ಕೊಟ್ಟ ಮಾತ್ರಕ್ಕೆ ಹಣ ಬಂದಂತಾಗುವುದಿಲ್ಲ. ಅದನ್ನು ಬ್ಯಾಂಕಿನಲ್ಲಿ ಪರಿಶೀಲಿಸಬೇಕು. ಚೆಕ್ ಆದರೆ ನಗದಾಗುವವರೆಗೆ ಕಾಯಬೇಕು. ಬೌನ್ಸ್ ಆದ ಚೆಕ್ಕಿಗೆ ವರ್ಗಾವಣೀಯ ಲಿಖಿತಗಳ ಕಾಯ್ದೆಯ 138ನೇ ಕಲಮಿನಡಿ ಮೊಕದ್ದಮೆ ಹೂಡಬಹುದಾದರೂ, ವಿಳಾಸವೇ ಸುಳ್ಳಾದವನ ಮೇಲೆ ಆ ಹಾದಿ ಕೈಗೆ ಹತ್ತುವುದು ಕಷ್ಟ.

ಮೂರನೆಯದು ಕೊಂಡಿ ಮತ್ತು ಆ್ಯಪ್‌ಗಳ ಬಗೆ. ಕೊರಿಯರ್ ಬರುತ್ತದೆ, ಹಣ ಪಡೆಯಲು ಈ ಲಿಂಕ್ ಒತ್ತಿ ಕಾರ್ಡ್ ವಿವರ ತುಂಬಿ ಎಂದು ಹೇಳಿ ಅಂಚೆ ಇಲಾಖೆಯ ಅಥವಾ ಕಂಪನಿಯ ಜಾಲತಾಣದಂತೆ ಕಾಣುವ ನಕಲಿ ಪುಟ ತೋರಿಸುತ್ತಾರೆ. ಎನಿಡೆಸ್ಕ್, ಟೀಮ್‌ವ್ಯೂವರ್‌ನಂಥ ಆ್ಯಪ್ ಹಾಕಿಸಿಕೊಂಡರೆ ನಮ್ಮ ಪರದೆ ಅವರಿಗೂ ಕಾಣುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಬರುವ ಎಪಿಕೆ ಕಡತವನ್ನು ತೆರೆದು ಆ್ಯಪ್ ಹಾಕಿಕೊಂಡರೆ ಒಟಿಪಿ ಸಂದೇಶಗಳೇ ಕದ್ದುಹೋಗುವ ಅಪಾಯವಿದೆ. ಮಾರಾಟದ ಮಾತಿನ ನಡುವೆ ಹೊಸ ಆ್ಯಪ್ ಹಾಕಿಕೊಳ್ಳಬೇಕಾದ ಸಂದರ್ಭ ಯಾವತ್ತೂ ಬರುವುದಿಲ್ಲ.

ವಂಚಕರ ನೆಲೆ

ಈ ಅಪರಾಧಗಳ ತನಿಖೆಗಳು ಮತ್ತೆ ಮತ್ತೆ ಮುಟ್ಟಿದ ಪ್ರದೇಶ ರಾಜಸ್ಥಾನದ ಭರತ್‌ಪುರ ಮತ್ತು ಡೀಗ್, ಹರಿಯಾಣದ ನೂಹ್, ಉತ್ತರ ಪ್ರದೇಶದ ಮಥುರಾ ಸೇರುವ ಮೇವಾತ್ ಸೀಮೆ. 2023ರ ಏಪ್ರಿಲ್‌ನಲ್ಲಿ ಹರಿಯಾಣ ಪೊಲೀಸರು ಸುಮಾರು 5,000 ಸಿಬ್ಬಂದಿಯೊಂದಿಗೆ ನೂಹ್ ಜಿಲ್ಲೆಯ 14 ಹಳ್ಳಿಗಳ ಮೇಲೆ ಒಂದೇ ರಾತ್ರಿ ದಾಳಿ ನಡೆಸಿ ನೂರಕ್ಕೂ ಹೆಚ್ಚು ಶಂಕಿತರನ್ನು ವಶಕ್ಕೆ ಪಡೆದರು. ಜಾರ್ಖಂಡದ ಜಾಮ್ತಾಡಾ ಇಂಥದೇ ಇನ್ನೊಂದು ಕುಖ್ಯಾತ ಕೇಂದ್ರ. ಅರಸೀಕೆರೆಯ ಮಾರಾಟಗಾರನಿಗೆ ಇದರಿಂದ ತಿಳಿಯಬೇಕಾದ್ದು ಎರಡು ವಿಷಯ. ಕರೆ ಮಾಡಿದವನು ಪಳಗಿದ ಕಸುಬುದಾರ, ದಿನಕ್ಕೆ ಹತ್ತಾರು ಮಂದಿಯೊಡನೆ ಇದೇ ಮಾತು ಆಡುವವನು. ಅವನು ಬಳಸುವ ಸಿಮ್ ಬೇರೆ ಯಾರದ್ದೋ ಹೆಸರಿನದು, ಬ್ಯಾಂಕ್ ಖಾತೆ ಬಾಡಿಗೆಗೆ ಪಡೆದದ್ದು. ಹೀಗಾಗಿ ನಂಬರ್ ಸಿಕ್ಕಿದೆ, ಹಿಡಿದುಬಿಡಬಹುದು ಎಂಬ ನೆಚ್ಚಿಕೆಯಲ್ಲಿ ಕಾಲ ಕಳೆಯಬಾರದು.

ಅಂದಹಾಗೆ, ವಂಚಕ ತೋರಿಸುವ ಸೈನಿಕರ ಗುರುತಿನ ಚೀಟಿಗಳಲ್ಲಿ ಕೆಲವು ನಿಜವಾದ ವ್ಯಕ್ತಿಗಳವೇ ಆಗಿರುತ್ತವೆ. ಹಿಂದೊಮ್ಮೆ ಮೋಸಹೋದವರಿಂದ ಪಡೆದ ದಾಖಲೆ ಮುಂದಿನ ಮೋಸಕ್ಕೆ ಸಾಧನವಾಗುತ್ತದೆ. ನೀವೂ ಆಧಾರ್ ಕಳಿಸಿ ಎಂದು ಕೇಳಿದವನಿಗೆ ಕಳಿಸಿದರೆ ನಮ್ಮ ಹೆಸರಿನಲ್ಲಿ ಇನ್ನೊಬ್ಬರ ಮನೆ ಹಾಳಾಗಬಹುದು.

ಕೊಬ್ಬರಿ ಮತ್ತು ಕಾಫಿಯ ಲೋಡು

ಮನೆಯ ಸೋಫಾಕ್ಕಿಂತ ರೈತನ ಲೋಡು ದೊಡ್ಡದು. ಒಂದು ಲಾರಿ ಕೊಬ್ಬರಿ ಎಂದರೆ ಒಂದು ಕುಟುಂಬದ ವರ್ಷದ ಸಂಪಾದನೆ ಇರಬಹುದು. ಕೇಂದ್ರ ಸರ್ಕಾರ 2025ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕ್ವಿಂಟಲ್‌ಗೆ 12,100 ರೂಪಾಯಿ ಬೆಂಬಲ ಬೆಲೆ ಘೋಷಿಸಿತ್ತು. ಅದೇ ವರ್ಷ ತಿಪಟೂರಿನ ಪೇಟೆಯಲ್ಲಿ ಧಾರಣೆ ಅದರ ಎರಡು ಪಟ್ಟನ್ನೂ ದಾಟಿತು. ಧಾರಣೆ ಹೀಗೆ ಏರಿಳಿಯುವಾಗ ಯಾವ ಬೆಲೆ ನ್ಯಾಯವಾದದ್ದು, ಯಾವುದು ಆಮಿಷ ಎಂದು ಬೇರ್ಪಡಿಸುವುದು ಕಷ್ಟ. ಪೇಟೆಗಿಂತ ಕ್ವಿಂಟಲ್‌ಗೆ ಸಾವಿರ ರೂಪಾಯಿ ಹೆಚ್ಚು, ಮನೆ ಬಾಗಿಲಿಗೆ ಲಾರಿ, ಕಮಿಷನ್ ಇಲ್ಲ ಎಂದು ಹೊರರಾಜ್ಯದ ವ್ಯಾಪಾರಿಯ ಹೆಸರಿನಲ್ಲಿ ಬರುವ ಕರೆಗೆ ಮನಸ್ಸು ಸೋಲುವುದು ಸಹಜ.

ಇಲ್ಲಿನ ತಂತ್ರ ನಿಧಾನದ್ದು. ಮೊದಲು ಒಂದು ಸಣ್ಣ ಲೋಡಿಗೆ ಸರಿಯಾಗಿ ಹಣ ಕೊಡುತ್ತಾರೆ, ಎರಡನೆಯದಕ್ಕೂ ಕೊಡುತ್ತಾರೆ. ದೊಡ್ಡ ಲೋಡು ಬಂದಾಗ ಸ್ವಲ್ಪ ಅಡ್ವಾನ್ಸ್ ಕೊಟ್ಟು, ಲೋಡ್ ಆದ ಮೇಲೆ ಆರ್‌ಟಿಜಿಎಸ್ ಮಾಡುತ್ತೇವೆ ಎನ್ನುತ್ತಾರೆ. ಲಾರಿ ಗಡಿ ದಾಟಿದ ಮೇಲೆ ಫೋನ್ ಸ್ವಿಚ್ ಆಫ್. ಇನ್ನೊಂದು ಬಗೆಯಲ್ಲಿ ದೊಡ್ಡ ಖರೀದಿ ಆದೇಶದ ಪತ್ರ ಕಳಿಸಿ, ನೋಂದಣಿ ಶುಲ್ಕ, ಗುಣಮಟ್ಟ ಪರೀಕ್ಷೆಯ ಶುಲ್ಕ ಎಂದು ಮಾರುವವನಿಂದಲೇ ಹಣ ವಸೂಲಿ ಮಾಡುತ್ತಾರೆ. ಬೇಲೂರಿನ ಕಾಫಿ ಬೆಳೆಗಾರರಿಗೂ ಇದೇ ಎಚ್ಚರ ಬೇಕು. ಕಾಫಿಯ ಧಾರಣೆ 50 ಕೆ.ಜಿ. ಚೀಲದ ಲೆಕ್ಕದಲ್ಲಿ ನಡೆಯುತ್ತದೆ. ಚೀಲಕ್ಕೆ ಕೆಲವು ನೂರು ಹೆಚ್ಚು ಸಿಗುತ್ತದೆಂದು ಗುರುತಿಲ್ಲದ ಕೈಗೆ ಇಡೀ ಫಸಲು ಒಪ್ಪಿಸಿದರೆ ಆ ನೂರುಗಳ ಆಸೆ ಲಕ್ಷಗಳನ್ನು ನುಂಗುತ್ತದೆ.

ಆನ್‌ಲೈನ್ ಎಂದ ಮಾತ್ರಕ್ಕೆ ಎಲ್ಲವೂ ಅಪಾಯವಲ್ಲ ಎಂಬುದಕ್ಕೆ ಕರ್ನಾಟಕದಲ್ಲೇ ಉತ್ತಮ ಉದಾಹರಣೆ ಇದೆ. ರಾಜ್ಯದ ಏಕೀಕೃತ ಮಾರುಕಟ್ಟೆ ವೇದಿಕೆ 2014ರಲ್ಲಿ ಆರಂಭವಾಯಿತು. ರಾಷ್ಟ್ರೀಯ ಇ-ಮಾರುಕಟ್ಟೆ ಸೇವೆಗಳ ಸಂಸ್ಥೆ ಅದನ್ನು ನಡೆಸುತ್ತದೆ. ರೈತನ ಲಾಟಿಗೆ ಸಂಖ್ಯೆ, ನೋಂದಾಯಿತ ವ್ಯಾಪಾರಿಗಳಿಂದ ಗಣಕದ ಮೂಲಕ ಟೆಂಡರು, ಗೆದ್ದವನ ಹೆಸರು ಮತ್ತು ದರದ ಪ್ರಕಟಣೆ ಎಲ್ಲವೂ ದಾಖಲೆಯಾಗುತ್ತವೆ. 2016ರಲ್ಲಿ ಕೇಂದ್ರ ಸರ್ಕಾರ ತಂದ ಇ-ನಾಮ್ ಕೂಡ ಇದೇ ದಾರಿಯದು. ಖಾಸಗಿ ಕರೆಯಲ್ಲಿ ಬಂದ ಬೆಲೆಯನ್ನು ಈ ಟೆಂಡರಿನ ದಿನದ ದರದೊಂದಿಗೆ ಹೋಲಿಸುವುದು ಮೊದಲ ಪರೀಕ್ಷೆ. ಹೊರಗಿನ ವ್ಯಾಪಾರಿಗೆ ಮಾರಲೇಬೇಕಿದ್ದರೆ ಅವನ ಜಿಎಸ್‌ಟಿ ಸಂಖ್ಯೆಯನ್ನು ಸರ್ಕಾರಿ ಜಿಎಸ್‌ಟಿ ಜಾಲತಾಣದಲ್ಲಿ ನೋಡಿ, ಹಣ ಕಳಿಸುವ ಖಾತೆ ಅದೇ ಸಂಸ್ಥೆಯ ಹೆಸರಿನಲ್ಲಿದೆಯೇ ಎಂದು ತಾಳೆ ಹಾಕಬೇಕು. ಪೂರ್ತಿ ಹಣ ಖಾತೆಗೆ ಬಂದ ಮೇಲೆ ಲಾರಿ ಹೊರಡಬೇಕು. ಒಬ್ಬೊಬ್ಬರೇ ವ್ಯವಹರಿಸುವ ಬದಲು ರೈತ ಉತ್ಪಾದಕ ಕಂಪನಿ ಅಥವಾ ಸಹಕಾರ ಸಂಘದ ಮೂಲಕ ಮಾರಿದರೆ ಈ ಪರಿಶೀಲನೆಯ ಭಾರವೂ ಹಗುರವಾಗುತ್ತದೆ.

ಕೆತ್ತನೆ, ಹಳೆಯ ನಾಣ್ಯ ಮತ್ತು ಪುರಾವಸ್ತು

ಹಳೇಬೀಡು, ಬೇಲೂರಿನ ಕುಶಲಕರ್ಮಿಗಳು ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್ ಮೂಲಕ ದೂರದ ಗಿರಾಕಿಗಳನ್ನು ತಲುಪಬಹುದಾಗಿರುವುದು ಸಂತೋಷದ ಸಂಗತಿ. ಇವರು ಹೆಚ್ಚು ಎಚ್ಚರದಿಂದಿರಬೇಕಾದ್ದು ಸಗಟು ಆರ್ಡರಿನ ಬಲೆಗೆ. ಸೇನಾ ಘಟಕಕ್ಕೆ, ಶಾಲೆಗೆ ಅಥವಾ ಮದುವೆಗೆ ಕಾಣಿಕೆ ಕೊಡಲು ನೂರಾರು ವಿಗ್ರಹ ಬೇಕು ಎಂದು ಹೇಳಿ, ಸರ್ಕಾರಿ ಪದ್ಧತಿಯಂತೆ ಮೊದಲು ನಿಮ್ಮ ಕಡೆಯಿಂದ ಒಂದು ರೂಪಾಯಿ ಕಳಿಸಬೇಕು, ಕಾರ್ಡಿನ ಫೋಟೊ ಕಳಿಸಬೇಕು ಎನ್ನುತ್ತಾರೆ. ಮಾರುವವನು ಮೊದಲು ಹಣ ಕಳಿಸಬೇಕೆಂಬ ಪದ್ಧತಿ ಯಾವ ಸರ್ಕಾರಿ ಕಚೇರಿಯಲ್ಲೂ ಸೇನೆಯಲ್ಲೂ ಇಲ್ಲ. ಆರ್ಡರ್ ಕೆತ್ತನೆಗೆ ಕಲ್ಲು ಮುಟ್ಟುವ ಮುನ್ನ ಅರ್ಧ ಹಣ, ಸಾಮಾನು ಕಳಿಸುವ ಮುನ್ನ ಉಳಿದರ್ಧ ಎಂಬ ಕಟ್ಟಳೆ ಇಟ್ಟುಕೊಂಡರೆ ನಿಜವಾದ ಗಿರಾಕಿಯೂ ಒಪ್ಪುತ್ತಾನೆ.

ಹಳೆಯ ನಾಣ್ಯ, ನೋಟುಗಳ ಬಲೆ ಹಳ್ಳಿಯ ಹಿರಿಯರನ್ನು ಹೆಚ್ಚು ಸೆಳೆಯುತ್ತದೆ. ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟಿಗೆ, ದೇವಿಯ ಚಿತ್ರದ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆ ಎಂಬ ಜಾಹೀರಾತು ನೋಡಿ ಕರೆ ಮಾಡಿದರೆ, ನೋಂದಣಿ ಶುಲ್ಕ, ತೆರಿಗೆ, ಕಮಿಷನ್ ಎಂದು ಮಾರುವವನಿಂದಲೇ ಕಂತು ಕಂತಾಗಿ ಹಣ ಕೀಳುತ್ತಾರೆ. ರಿಸರ್ವ್ ಬ್ಯಾಂಕಿನ ಹೆಸರಿನ ನಕಲಿ ಪತ್ರವನ್ನೂ ತೋರಿಸುತ್ತಾರೆ. 2021ರ ಆಗಸ್ಟ್ 4ರಂದು ರಿಸರ್ವ್ ಬ್ಯಾಂಕ್ ಈ ಕುರಿತು ಪ್ರಕಟಣೆ ಹೊರಡಿಸಿ, ತಾನು ಇಂಥ ವ್ಯವಹಾರದಲ್ಲಿ ತೊಡಗುವುದಿಲ್ಲ, ಶುಲ್ಕವನ್ನೂ ಕೇಳುವುದಿಲ್ಲ, ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ಸ್ಪಷ್ಟಪಡಿಸಿತು.

ಹೊಯ್ಸಳರ ರಾಜಧಾನಿಯಾಗಿದ್ದ ನೆಲದಲ್ಲಿ ಉಳುವಾಗ, ಪಾಯ ತೋಡುವಾಗ ಹಳೆಯ ಶಿಲ್ಪವೋ ನಾಣ್ಯವೋ ಸಿಗುವುದು ಅಸಂಭವವೇನಲ್ಲ. ಅಂಥದ್ದನ್ನು ಫೋಟೊ ತೆಗೆದು ಮಾರಾಟಕ್ಕೆ ಹಾಕಿದರೆ ವಂಚಕನ ಕೈಗೆ ಮಾತ್ರವಲ್ಲ, ಕಾನೂನಿನ ಕೈಗೂ ಸಿಕ್ಕಿಕೊಳ್ಳಬೇಕಾಗುತ್ತದೆ. 1972ರ ಪುರಾವಸ್ತು ಮತ್ತು ಕಲಾಸಂಪತ್ತು ಕಾಯ್ದೆಯ ಪ್ರಕಾರ ನೂರು ವರ್ಷಕ್ಕಿಂತ ಹಳೆಯ ಶಿಲ್ಪ, ನಾಣ್ಯ ಮುಂತಾದವು ಪುರಾವಸ್ತುಗಳು. ಹಸ್ತಪ್ರತಿಗಳಿಗೆ ಈ ಮಿತಿ 75 ವರ್ಷ. ಪರವಾನಗಿ ಇಲ್ಲದೆ ಅವುಗಳ ವ್ಯಾಪಾರ ಮಾಡುವಂತಿಲ್ಲ, ಖಾಸಗಿಯವರು ದೇಶದ ಹೊರಗೆ ಕಳಿಸುವಂತೆಯೇ ಇಲ್ಲ. ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸುವುದು 1962ರ ಕರ್ನಾಟಕ ನಿಧಿ ಕಾಯ್ದೆಯಂತೆ ಕಡ್ಡಾಯ. ಇಂಥ ವಸ್ತು ಕೇಳಿಕೊಂಡು ಬರುವ ಗಿರಾಕಿ, ಆಮೇಲೆ ಕಾನೂನಿನ ಭಯ ತೋರಿಸಿಯೇ ಹಣ ಸುಲಿಯಬಹುದು. ತಹಸೀಲ್ದಾರರ ಕಚೇರಿಗೆ ತಿಳಿಸುವುದೇ ಸುರಕ್ಷಿತ ದಾರಿ. ಊರಿನ ಇತಿಹಾಸವನ್ನು ಊರಿನಲ್ಲೇ ಉಳಿಸುವ ದಾರಿಯೂ ಅದೇ.

ವಾಹನ ಮತ್ತು ಮೊಬೈಲ್

ಬೈಕು, ಕಾರು, ಟ್ರ್ಯಾಕ್ಟರು ಮಾರುವಾಗ ವಂಚನೆ ಎರಡು ಹಂತದಲ್ಲಿ ಆಗುತ್ತದೆ. ಓಡಿಸಿ ನೋಡುತ್ತೇನೆ ಎಂದು ಕೀಲಿ ಪಡೆದವನು ಹಿಂದಿರುಗದೆ ಹೋಗುವುದು ಮೊದಲನೆಯದು. ಅವನ ಚಾಲನಾ ಪರವಾನಗಿಯ ಮೂಲಪ್ರತಿ ನೋಡಿ, ಫೋಟೊ ತೆಗೆದುಕೊಂಡು, ಜತೆಯಲ್ಲಿ ಒಬ್ಬರು ಕೂತು ಹೋಗುವುದು ಕ್ಷೇಮ. ಎರಡನೆಯದು ನೋಂದಣಿ ಬದಲಾಗದೆ ವಾಹನ ಕೈಬಿಡುವುದು. 2018ರ ಫೆಬ್ರವರಿಯಲ್ಲಿ ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಾಹನ ಎಷ್ಟು ಕೈ ಬದಲಾಗಿದ್ದರೂ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರದ ಹೊಣೆಯೂ ಅವರದೇ ಎಂದು ತೀರ್ಪು ನೀಡಿತು. ನಮೂನೆ 29 ಮತ್ತು 30ಕ್ಕೆ ಸಹಿ ಮಾಡಿಸಿ, ಸಾರಿಗೆ ಕಚೇರಿಗೆ ತಾನೇ ಮಾಹಿತಿ ಕೊಟ್ಟು, ವಾಹನ ಒಪ್ಪಿಸಿದ ದಿನ ಮತ್ತು ಸಮಯ ಬರೆದ ಪತ್ರಕ್ಕೆ ಕೊಂಡವನ ಸಹಿ ಪಡೆಯಬೇಕು.

ಮೊಬೈಲ್ ಮಾರುವಾಗ ಸಿಮ್ ಮತ್ತು ಮೆಮೊರಿ ಕಾರ್ಡ್ ತೆಗೆದು, ಪಾವತಿ ಆ್ಯಪ್‌ಗಳಿಂದ ಹೊರಬಂದು, ಗೂಗಲ್ ಖಾತೆ ಅಳಿಸಿ, ಫ್ಯಾಕ್ಟರಿ ರೀಸೆಟ್ ಮಾಡಬೇಕು. ಬಿಲ್ಲಿನ ಪ್ರತಿ ಮತ್ತು ಐಎಂಇಐ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಕೊಂಡವನ ಹೆಸರು, ದಿನಾಂಕ ಸೇರಿಸಿ ಚೀಟಿ ಮಾಡಿಕೊಂಡರೆ ಆ ಫೋನ್ ಮುಂದೆ ಅಪರಾಧಕ್ಕೆ ಬಳಕೆಯಾದಾಗ ಮಾರಿದವನಿಗೆ ರಕ್ಷಣೆ ಸಿಗುತ್ತದೆ.

ಕದ್ದ ಹಣ ಖಾತೆಗೆ ಬಂದಾಗ

ಇತ್ತೀಚೆಗೆ ಹೆಚ್ಚುತ್ತಿರುವ ಒಂದು ಸಂಕಷ್ಟದ ಬಗ್ಗೆ ಬಹಳ ಮಂದಿಗೆ ಅರಿವಿಲ್ಲ. ಗಿರಾಕಿ ಹಣ ನಿಜವಾಗಿಯೇ ಕಳಿಸುತ್ತಾನೆ, ಮಾಲನ್ನೂ ಒಯ್ಯುತ್ತಾನೆ. ಕೆಲವು ದಿನಗಳ ಬಳಿಕ ಮಾರಿದವನ ಬ್ಯಾಂಕ್ ಖಾತೆಯೇ ಸ್ಥಗಿತಗೊಳ್ಳುತ್ತದೆ. ಬಂದ ಹಣ ಇನ್ನಾವುದೋ ರಾಜ್ಯದಲ್ಲಿ ಮೋಸಹೋದವರದ್ದಾಗಿದ್ದು, ಅಲ್ಲಿನ ಪೊಲೀಸರ ಕೋರಿಕೆಯಂತೆ ಬ್ಯಾಂಕು ತಡೆ ಹಾಕಿರುತ್ತದೆ. ಕೊಳ್ಳುವವನ ಹೆಸರೊಂದು, ಹಣ ಬಂದ ಖಾತೆಯ ಹೆಸರು ಇನ್ನೊಂದು ಆಗಿದ್ದರೆ ಅದು ಮೊದಲ ಎಚ್ಚರಿಕೆ. ಬೇರೆಯವರ ಖಾತೆಯಿಂದ ಹಣ ಸ್ವೀಕರಿಸದಿರುವುದು, ಪ್ರತಿ ಮಾರಾಟಕ್ಕೂ ಬಿಲ್ಲು ಬರೆಯುವುದು, ಮಾತುಕತೆಯ ಸಂದೇಶಗಳನ್ನು ಅಳಿಸದೆ ಇಡುವುದು, ಇವೇ ಆಗ ನಿರಪರಾಧಿತ್ವ ತೋರಿಸುವ ಸಾಕ್ಷ್ಯ. ಕಮಿಷನ್ ಆಸೆಗೆ ತನ್ನ ಬ್ಯಾಂಕ್ ಖಾತೆಯನ್ನೋ ಸಿಮ್ಮನ್ನೋ ಬೇರೆಯವರಿಗೆ ಬಳಸಲು ಕೊಡುವುದು ಅಪರಾಧದಲ್ಲಿ ಪಾಲುದಾರನಾದಂತೆ. ಕೆಲಸ ಹುಡುಕುತ್ತಿರುವ ಯುವಕರಿಗೆ ಇದನ್ನು ಮನೆಯವರು ಕೂರಿಸಿಕೊಂಡು ಹೇಳಬೇಕು.

ಮಾರುವವರು ಪಾಲಿಸಬೇಕಾದ ಕ್ರಮ

ಎಲ್ಲ ಬಗೆಯ ವಂಚನೆಗೂ ಅನ್ವಯಿಸುವ ಕ್ರಮಗಳು ಕೆಲವೇ. ಹಣ ಬಂದಿದೆಯೇ ಎಂದು ತನ್ನ ಬ್ಯಾಂಕ್ ಖಾತೆಯಲ್ಲೇ ನೋಡಬೇಕು. ಎಸ್‌ಎಂಎಸ್, ಸ್ಕ್ರೀನ್‌ಶಾಟ್, ಗಿರಾಕಿಯ ಮೊಬೈಲ್ ಪರದೆ ಯಾವುದನ್ನೂ ನಂಬಬಾರದು. ಹಣ ಪಡೆಯಲು ತನ್ನ ಕ್ಯುಆರ್ ಕೋಡನ್ನು ತಾನು ತೋರಿಸಬೇಕೇ ಹೊರತು ಗಿರಾಕಿಯ ಕೋಡನ್ನು ಸ್ಕ್ಯಾನ್ ಮಾಡಬಾರದು. ವಸ್ತುವನ್ನು ನೋಡದೆಯೇ ಕೇಳಿದ ಬೆಲೆಗೆ ಒಪ್ಪುವವನ ಬಗ್ಗೆ ಅನುಮಾನ ಇರಬೇಕು. ಹಳೆಯ ಮೇಜು ಕೊಳ್ಳುವ ನಿಜವಾದ ಗಿರಾಕಿ ಕಾಲು ಅಲುಗಾಡಿಸಿ ನೋಡುತ್ತಾನೆ, ಇನ್ನೂರು ಕಡಿಮೆ ಕೇಳುತ್ತಾನೆ.

ಭೇಟಿ ಹಗಲಿನಲ್ಲಿ, ಜನ ಇರುವ ಕಡೆ ಆಗಲಿ. ಬಸ್ ನಿಲ್ದಾಣದ ಬಳಿ, ಬ್ಯಾಂಕಿನ ಮುಂದೆ, ಪರಿಚಯದ ಅಂಗಡಿಯಲ್ಲಿ ಮಾರಾಟ ಮುಗಿಸಬಹುದು. ಜಾಹೀರಾತಿನಲ್ಲಿ ಮನೆಯ ಪೂರ್ತಿ ವಿಳಾಸ ಹಾಕಬಾರದು. ಮಾತುಕತೆಯನ್ನು ಸಾಧ್ಯವಾದಷ್ಟು ಆ್ಯಪ್‌ನ ಒಳಗೇ ಇಟ್ಟರೆ ದಾಖಲೆ ಉಳಿಯುತ್ತದೆ. ಆನ್‌ಲೈನ್ ಮಾರಾಟಕ್ಕೆಂದೇ ಕಡಿಮೆ ಹಣವಿರುವ ಪ್ರತ್ಯೇಕ ಬ್ಯಾಂಕ್ ಖಾತೆ ಇಟ್ಟುಕೊಂಡರೆ, ಏನಾದರೂ ತಪ್ಪಾದಾಗ ಬೆಳೆ ಹಣ, ಪಿಂಚಣಿ ಹಣ ಉಳಿಯುತ್ತದೆ. ಭಾಷೆ ಅರ್ಥವಾಗದಿದ್ದರೆ ಹೂಂಗುಟ್ಟುತ್ತಾ ಹೋಗದೆ ಕನ್ನಡದಲ್ಲಿ ಹೇಳಿ ಎಂದು ಕೇಳುವುದು ಮಾರುವವನ ಹಕ್ಕು. ವಂಚಕನ ಮುಖ್ಯ ಆಯುಧ ಅವಸರ. ಈಗಲೇ, ಲೈನಿನಲ್ಲೇ ಇರಿ, ಕಟ್ ಮಾಡಬೇಡಿ ಎನ್ನುವವನ ಕರೆಯನ್ನು ಕಟ್ ಮಾಡಿ ಮನೆಯವರೊಬ್ಬರ ಬಳಿ ಐದು ನಿಮಿಷ ಮಾತನಾಡಿದರೆ ಬಹುತೇಕ ಮೋಸ ಅಲ್ಲಿಗೇ ನಿಲ್ಲುತ್ತದೆ.

ಹಣ ಹೋದ ಮೇಲೆ

ಹಣ ಹೋಯಿತು ಎಂದು ತಿಳಿದ ಕ್ಷಣವೇ 1930ಕ್ಕೆ ಕರೆ ಮಾಡಬೇಕು. ಕೇಂದ್ರ ಗೃಹ ಸಚಿವಾಲಯದ ನಾಗರಿಕ ಹಣಕಾಸು ಸೈಬರ್ ವಂಚನೆ ವರದಿ ವ್ಯವಸ್ಥೆ 2021ರಲ್ಲಿ 155260 ಎಂಬ ಸಂಖ್ಯೆಯೊಂದಿಗೆ ಶುರುವಾಗಿ, ಮುಂದೆ 1930 ಸಂಖ್ಯೆ ಪಡೆಯಿತು. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಜಾಲತಾಣದಲ್ಲೂ ದೂರು ದಾಖಲಿಸಬಹುದು. ಖಾತೆ ಸಂಖ್ಯೆ, ಹಣ ಹೋದ ಸಮಯ, ಮೊತ್ತ, ವಹಿವಾಟಿನ ಉಲ್ಲೇಖ ಸಂಖ್ಯೆ ಕೈಯಲ್ಲಿರಬೇಕು. ಯುಪಿಐ ವಹಿವಾಟಿನಲ್ಲಿ ಇದು 12 ಅಂಕಿಯದು. ದೂರು ದಾಖಲಾದೊಡನೆ ಹಣ ಯಾವ ಬ್ಯಾಂಕಿಗೆ ಹೋಗಿದೆಯೋ ಅಲ್ಲಿಗೆ ಸಂದೇಶ ಹೋಗಿ, ಇನ್ನೂ ಉಳಿದಿರುವ ಮೊತ್ತಕ್ಕೆ ತಡೆ ಬೀಳುತ್ತದೆ. ವಂಚಕರು ಹಣವನ್ನು ನಿಮಿಷಗಳಲ್ಲಿ ಖಾತೆಯಿಂದ ಖಾತೆಗೆ ದಾಟಿಸಿ ಎಟಿಎಂನಿಂದ ತೆಗೆಯುವುದರಿಂದ ಮೊದಲ ಗಂಟೆಯೇ ನಿರ್ಣಾಯಕ. ಸಂಸತ್ತಿಗೆ ಸರ್ಕಾರ ನೀಡಿದ ಮಾಹಿತಿಯಂತೆ 2024ರಲ್ಲಿ ದೇಶದಲ್ಲಿ ಎಲ್ಲ ಬಗೆಯ ಸೈಬರ್ ವಂಚನೆಗಳಿಂದ ಜನ ಕಳೆದುಕೊಂಡ ಮೊತ್ತ 22,845 ಕೋಟಿ ರೂಪಾಯಿ. 2025ರ ಮಧ್ಯದವರೆಗೆ ಈ ವ್ಯವಸ್ಥೆ ತಡೆದು ಉಳಿಸಿದ ಒಟ್ಟು ಮೊತ್ತ 5,489 ಕೋಟಿಗೂ ಹೆಚ್ಚು. ಹೋದದ್ದರಲ್ಲಿ ಒಂದು ಪಾಲು ಮಾತ್ರ ಉಳಿಯುತ್ತದೆ, ಆ ಪಾಲು ಬೇಗ ಕರೆ ಮಾಡಿದವರದ್ದು.

ನಂತರ ಬ್ಯಾಂಕಿಗೆ ಲಿಖಿತ ದೂರು, ಪೊಲೀಸ್ ಠಾಣೆಗೆ ದೂರು ಕೊಡಬೇಕು. ಹಾಸನದಲ್ಲಿ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ ಠಾಣೆ, ಅಂದರೆ ಸೆನ್ ಠಾಣೆ, ಇದೆ. ಅರಸೀಕೆರೆ, ಬಾಣಾವರ, ಜಾವಗಲ್, ಬೇಲೂರು, ಹಳೇಬೀಡಿನ ಠಾಣೆಗಳಲ್ಲೂ ದೂರು ಕೊಡಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ, ಅಪರಾಧ ಎಲ್ಲೇ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ಮಾಹಿತಿ ನೀಡಬಹುದು. ವಿದ್ಯುನ್ಮಾನ ರೂಪದಲ್ಲಿ ಕೊಟ್ಟರೆ ಮೂರು ದಿನದೊಳಗೆ ಸಹಿ ಹಾಕಬೇಕು. ತಡೆ ಬಿದ್ದ ಹಣ ಕೈಸೇರಲು ನ್ಯಾಯಾಲಯದ ಆದೇಶ ಬೇಕಾಗಬಹುದು. ಹಣ ವಾಪಸ್ ಕೊಡಿಸುತ್ತೇವೆ ಎಂದು ಶುಲ್ಕ ಕೇಳುತ್ತಾ ಬರುವವರು ಎರಡನೇ ಸುತ್ತಿನ ವಂಚಕರು.

ಕಾನೂನು

ಕರ್ನಾಟಕ ಸೈಬರ್ ಅಪರಾಧಕ್ಕೆ ಮೊದಲೇ ಕಣ್ಣು ತೆರೆದ ರಾಜ್ಯ. 2001ರಲ್ಲೇ ಬೆಂಗಳೂರಿನಲ್ಲಿ ಸೈಬರ್ ಅಪರಾಧ ಪೊಲೀಸ್ ಠಾಣೆ ಸ್ಥಾಪನೆಯಾಯಿತು. 2025ರಲ್ಲಿ ರಾಜ್ಯ ಸರ್ಕಾರ ಸೈಬರ್ ಕಮಾಂಡ್ ಎಂಬ ಪ್ರತ್ಯೇಕ ಘಟಕ ರಚಿಸಿತು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮು ಗಣಕ ಸಾಧನ ಬಳಸಿ ಬೇರೆಯವರ ಸೋಗಿನಲ್ಲಿ ವಂಚಿಸುವುದಕ್ಕೆ ಮೂರು ವರ್ಷದವರೆಗೆ ಸೆರೆ ಮತ್ತು ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸುತ್ತದೆ. ಗುರುತಿನ ಕಳವಿಗೆ 66ಸಿ ಕಲಮು ಇದೆ. ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮು ವಂಚನೆಗೆ, 319ನೇ ಕಲಮು ಸೋಗು ಹಾಕಿ ವಂಚಿಸುವುದಕ್ಕೆ ಅನ್ವಯಿಸುತ್ತವೆ.

ಬ್ಯಾಂಕಿನ ಹೊಣೆಯ ಬಗ್ಗೆ ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆ ಮುಖ್ಯ. ಗ್ರಾಹಕನ ತಪ್ಪಿಲ್ಲದೆ, ಮೂರನೆಯವರ ಕೈವಾಡದಿಂದ ನಡೆದ ಅನಧಿಕೃತ ವಹಿವಾಟನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನಿಗೆ ನಷ್ಟವಿಲ್ಲ. ತಾನೇ ಪಿನ್ ಒತ್ತಿದ ಪ್ರಕರಣದಲ್ಲಿ ವಹಿವಾಟು ಅಧಿಕೃತವೆಂದೇ ಲೆಕ್ಕವಾಗುವುದರಿಂದ ಬ್ಯಾಂಕು ಹಣ ತುಂಬಿಕೊಡುವ ಸಾಧ್ಯತೆ ಬಹಳ ಕಡಿಮೆ. ಮಾರುವವನ ಎಲ್ಲ ಎಚ್ಚರವೂ ಆ ಪಿನ್ನಿನ ಸುತ್ತ ಇರಬೇಕೆಂದು ಹೇಳುವುದು ಈ ಕಾರಣಕ್ಕೆ.

ಸಮುದಾಯದ ಪಾತ್ರ

ಈ ಅಪರಾಧವನ್ನು ಮಾರುವವನೊಬ್ಬನ ಜಾಣತನದಿಂದ ಎದುರಿಸಲು ಸಾಧ್ಯವಿಲ್ಲ. ಜಾಹೀರಾತಿನ ಕಂಪನಿಗಳು ಕೊಳ್ಳುವವರ ಗುರುತನ್ನೂ ಪರಿಶೀಲಿಸಬೇಕು, ಎಚ್ಚರಿಕೆಗಳನ್ನು ಕನ್ನಡದಲ್ಲಿ, ಮಾತುಕತೆಯ ಪುಟದಲ್ಲೇ ತೋರಿಸಬೇಕು. ಬ್ಯಾಂಕುಗಳು ಬಾಡಿಗೆ ಖಾತೆಗಳನ್ನು ಬೇಗ ಪತ್ತೆಹಚ್ಚಬೇಕು. ಹಳ್ಳಿಯ ಮಟ್ಟದಲ್ಲಿ ಹಾಲಿನ ಸೊಸೈಟಿ, ಸ್ತ್ರೀಶಕ್ತಿ ಸಂಘ, ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಪ್ರೌಢಶಾಲೆಗಳು ಈ ತಿಳಿವಳಿಕೆ ಹಂಚಲು ಅತ್ಯುತ್ತಮ ಜಾಗ. ಮೊಬೈಲ್ ಬಲ್ಲ ಮಕ್ಕಳು ಅಜ್ಜ ಅಜ್ಜಿಯರಿಗೆ ಖಾತೆಯ ಮೊತ್ತ ನೋಡುವುದನ್ನು ಕಲಿಸಬೇಕು, 1930 ಸಂಖ್ಯೆಯನ್ನು ಅವರ ಫೋನಿನಲ್ಲಿ ಉಳಿಸಿಕೊಡಬೇಕು. ಮೋಸಹೋದವರು ಊರಿನ ಗುಂಪಿನಲ್ಲಿ ಅದನ್ನು ಹೇಳಿಕೊಂಡಾಗ ಕೇಳುವವರು ನಗದೆ, ಆ ನಂಬರನ್ನೂ ಬಗೆಯನ್ನೂ ಎಲ್ಲರಿಗೂ ತಿಳಿಸಬೇಕು. ಒಬ್ಬರ ನಷ್ಟ ನೂರು ಜನರಿಗೆ ರಕ್ಷಣೆಯಾಗುವುದು ಆಗ ಮಾತ್ರ. ದೂರದ ಗಿರಾಕಿಗೆ ಮಾರುವ ಅವಕಾಶ ತೆಂಗಿನ ರೈತನಿಗೂ ಕಲ್ಲುಕುಟಿಗನಿಗೂ ಬೇಕಾದದ್ದು. ಹೆದರಿ ಆ ಬಾಗಿಲು ಮುಚ್ಚಬೇಕಾಗಿಲ್ಲ. ಹಣ ಖಾತೆಯಲ್ಲಿ ಕಂಡ ಮೇಲೆ ಮಾಲು, ಪಡೆಯುವುದಕ್ಕೆ ಪಿನ್ ಇಲ್ಲ ಎಂಬ ಎರಡು ಕಟ್ಟಳೆಗಳನ್ನು ಮನೆಮಂದಿಯೆಲ್ಲ ಬಾಯಿಪಾಠ ಮಾಡಿಕೊಂಡರೆ ಆ ಬಾಗಿಲನ್ನು ಧೈರ್ಯವಾಗಿ ತೆರೆದಿಡಬಹುದು.